ತಣ್ಣಗಿರುವುದನ್ನು ಸತ್ತಿದೆ ಎನ್ನಬೇಡಿ

ನನ್ನ ನೌಕರಿಯ ಕಡತದಲ್ಲಿ ಒಂದು ಛೀಮಾರಿ ಇದೆ. ನಿವೃತ್ತಿಗೆ ಆರು ತಿಂಗಳಿರುವಾಗ ಕಚೇರಿಯ ಗುಮಾಸ್ತರೊಬ್ಬರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಅದು ಹಳೆಯ ಕಾಗದ, ಕಿತ್ತು ಹಾಕಿದರೆ ಕೇಳುವವರು ಯಾರೂ ಇಲ್ಲ, ಒಂದು ಅರ್ಜಿ ಬರೆದುಕೊಡಿ ಸಾಕು ಅಂದರು. ನಾನು ಬರೆದುಕೊಡಲಿಲ್ಲ. ಅವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ಇವತ್ತಿಗೂ ಆ ಕಾಗದ ಅಲ್ಲೇ ಇದೆ, ಇರಲಿ.

ಈ ಕೆಲಸಕ್ಕೆ ಹೊಸದಾಗಿ ಸೇರುವವರೇ, ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎನ್ನುವುದು ನಿಮಗೆ ಬೇಡದ ಮಾತು. ನಿಮಗೆ ಬೇಕಾದದ್ದು ಆ ಛೀಮಾರಿಯ ಕಥೆ. ಸಲಹೆ ಕೇಳಲು ನೀವು ಬಂದಿಲ್ಲ, ಗೊತ್ತು. ಬೆಲ್ಲದ ಮಂಡಿಯಲ್ಲಿ ಪಳಗಿದವನು ನಾನು. ಗಿರಾಕಿ ಕೇಳುವವರೆಗೆ ಕಾದರೆ ಮಾಲು ಅಂಗಡಿಯಲ್ಲೇ ಉಳಿಯುತ್ತದೆ.

ನಾನು ಸೊಳ್ಳೆ ಹಿಡಿಯುವ ಕೆಲಸ ಮಾಡಿದವನು. ಕಾಗದದ ಮೇಲೆ ಹುದ್ದೆಯ ಹೆಸರು ಕೀಟ ಸಂಗ್ರಾಹಕ. ನನಗೆ ಹೆಣ್ಣು ನೋಡುವಾಗ ನಮ್ಮಪ್ಪ 'ಆರೋಗ್ಯದ ಕಡೆ ಇದ್ದಾನೆ' ಎಂದಷ್ಟೇ ಹೇಳಿ ಮಳೆ ಬೆಳೆಯ ಮಾತಿಗೆ ಹೋಗಿಬಿಡುತ್ತಿದ್ದರು. ಈ ಕೆಲಸಕ್ಕೆ ಮೊದಲು ಐದು ವರ್ಷ ಶಿವಮೊಗ್ಗದ ಒಂದು ಬೆಲ್ಲದ ಮಂಡಿಯಲ್ಲಿದ್ದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ವ್ಯಾಪಾರ ಕುದುರಿಸುವುದನ್ನು ಅಲ್ಲಿ ಕಲಿತೆ. ಅಚ್ಚಿನ ಮೇಲ್ಭಾಗ ಹೊಂಬಣ್ಣ ಇದ್ದರೆ ಒಡೆದು ನಡುವನ್ನು ನೋಡಬೇಕು ಎನ್ನುವುದನ್ನೂ ಕಲಿತೆ. ಮುಂದೆ ಸರ್ಕಾರಿ ಕೆಲಸದಲ್ಲಿ ಈ ಎರಡನೆಯ ಪಾಠವನ್ನು ಒಂದು ಸಲ ಮರೆತೆ, ಕಥೆ ಇರುವುದು ಅಲ್ಲೇ.

ಐವತ್ತರ ದಶಕದ ಕೊನೆಯ ವರ್ಷಗಳವು. ಮಲೇರಿಯಾ ಓಡಿಸಲು ಮನೆಮನೆಗೆ ಡಿಡಿಟಿ ಹೊಡೆಯುತ್ತಿದ್ದ ಕಾಲ. ಹೊಡೆಯುವವರು ಬೇರೆ. ಹೊಡೆದ ಮೇಲೆ ಸೊಳ್ಳೆ ಎಷ್ಟು ಉಳಿದಿವೆ ಎಂದು ನೋಡುವವನು ನಾನು. ಬೆಳಕು ಹರಿಯುವ ಹೊತ್ತಿಗೆ ಭದ್ರಾವತಿಯ ದನದ ಕೊಟ್ಟಿಗೆಗಳಲ್ಲಿ ಟಾರ್ಚು ಹಿಡಿದು ನಿಂತಿರಬೇಕು. ಗಾಜಿನ ನಳಿಕೆಗೆ ಒಂದು ರಬ್ಬರ್ ಪೈಪು, ಪೈಪಿನ ತುದಿ ಬಾಯಲ್ಲಿ. ಗೋಡೆಯ ಮೇಲೆ ಕೂತ ಸೊಳ್ಳೆಯ ಹಿಂದಿನಿಂದ ನಳಿಕೆ ತಂದು ಮೆಲ್ಲಗೆ ಉಸಿರೆಳೆದರೆ ಅದು ಒಳಗೆ. ನಡುವೆ ಜಾಲರಿ ಇರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ಜಾಲರಿ ಹರಿದಿತ್ತೆಂದರೆ ಹೋಗುತ್ತದೆ. ನನಗೆ ಎರಡು ಸಲ ಹೋಗಿದೆ. ಬೆಳಗ್ಗೆ ಹೊರಡುವ ಮೊದಲು ಜಾಲರಿ ನೋಡಿಕೊಳ್ಳಿ.

ಕೊಟ್ಟಿಗೆಗೆ ಬಿಡುವುದಕ್ಕೆ ಜನ ಒಪ್ಪುತ್ತಿರಲಿಲ್ಲ. ಸರ್ಕಾರದ ಆಜ್ಞೆ ಎಂದು ಕಾಗದ ತೋರಿಸಿದವರಿಗೆ ನಾಯಿ ಬಿಟ್ಟದ್ದುಂಟು. ನಾನು ಕಾಗದ ತೆಗೆಯುತ್ತಲೇ ಇರಲಿಲ್ಲ. ಹತ್ತು ನಿಮಿಷ ಒಳಗೆ ಬಿಡಿ, ನೀವು ಹಾಲು ಕರೆದು ಮುಗಿಸುವವರೆಗೆ ಕರು ಹಿಡಿದುಕೊಂಡಿರುತ್ತೇನೆ ಎನ್ನುತ್ತಿದ್ದೆ. ಕರು ಹಿಡಿದ ಕೈಗೆ ಎರಡನೆಯ ದಿನ ಕಾಫಿ ಲೋಟವೂ ಬರುತ್ತಿತ್ತು. ಅಧಿಕಾರ ಇದೆ ಎಂದು ಕೇಳಬೇಡಿ, ಬದಲಿಗೆ ಏನು ಕೊಡುತ್ತೀರಿ ಎಂದು ಹೇಳಿ. ಊರೂರಿನಲ್ಲಿ ನನಗೆ 'ಸೊಳ್ಳೆ ಮೇಷ್ಟ್ರು' ಎಂದು ಹೆಸರು ಬಿತ್ತು. ರುದ್ರಪ್ಪ ಎಂದು ಕರೆಯುವವರು ಕಚೇರಿಯಲ್ಲಿ ಮಾತ್ರ ಉಳಿದರು.

ಕಚೇರಿ ಶಿವಮೊಗ್ಗದಲ್ಲಿ. ಅಲ್ಲಿ ನಮ್ಮ ಮೇಲಧಿಕಾರಿ ಶಾಮರಾಯರು. ಮೈಸೂರು ಕಡೆಯವರು, ಕಡ್ಡಿಯಂಥ ಮೈ, ಬಿಳಿ ಅಂಗಿ, ಬೇರೆಯವರ ಪೆನ್ನು ಮುಟ್ಟದ ಮನುಷ್ಯ. ಕೆಟ್ಟವರಲ್ಲ. ಬೇರೆ ಕಡೆ ಆಳುಗಳ ಕೈಲಿ ಮನೆಕೆಲಸ ಮಾಡಿಸುವ ಅಧಿಕಾರಿಗಳಿದ್ದರು. ಇವರು ತಮ್ಮ ನೀರನ್ನು ತಾವೇ ಬಗ್ಗಿಸಿಕೊಳ್ಳುತ್ತಿದ್ದರು. ಆದರೆ ನಿಯಮ ಎಂದರೆ ಅವರಿಗೆ ಜನಿವಾರದ ಹಾಗೆ, ಮೈಮೇಲಿಂದ ಇಳಿಸುವಂತಿರಲಿಲ್ಲ.

ಅವರ ಕಾಲದಲ್ಲೇ ಹೊಸ ಪದ್ಧತಿ ಬಂತು. ಒಂದು ಪೆಟ್ಟಿಗೆ, ಅದರಲ್ಲಿ ಅಂಗೈ ಉದ್ದದ ಕೊಳವೆಗಳು, ಡಿಡಿಟಿ ಸವರಿದ ಕಾಗದಗಳು. ಹಿಡಿದ ಸೊಳ್ಳೆಗಳನ್ನು ಔಷಧಿ ಕಾಗದದ ನಾಲ್ಕು ಕೊಳವೆಗಳಲ್ಲಿ ಒಂದು ಗಂಟೆ ಬಿಡಬೇಕು. ಇನ್ನೆರಡು ಕೊಳವೆಗಳಲ್ಲಿ ಬರಿಯ ಕಾಗದ. ಅವು ಹೋಲಿಸಿ ನೋಡುವುದಕ್ಕೆ. ಆಮೇಲೆ ಎಲ್ಲವನ್ನೂ ಸ್ವಚ್ಛ ಕೊಳವೆಗೆ ದಾಟಿಸಿ, ಒಂದು ಹಗಲು ಒಂದು ರಾತ್ರಿ ತಂಪಿನಲ್ಲಿಟ್ಟು, ಎಷ್ಟು ಸತ್ತವು ಎಂದು ಎಣಿಸಬೇಕು. ಔಷಧಿಯ ಕಡೆ ಎಲ್ಲ ಸತ್ತು, ಬರಿಯ ಕಾಗದದ ಕಡೆ ಎಲ್ಲ ಬದುಕಿದ್ದರೆ ಔಷಧಿ ಇನ್ನೂ ಕೆಲಸ ಮಾಡುತ್ತಿದೆ ಎಂದು ಅರ್ಥ. ಹಿಡಿಯುವುದು, ಕೊಳವೆಗೆ ಬಿಡುವುದು ಭದ್ರಾವತಿಯಲ್ಲಿ, ನನ್ನ ಕೈಲಿ. ಎಣಿಸುವುದು ಮಾತ್ರ ಶಾಮರಾಯರೇ, ಶಿವಮೊಗ್ಗದಲ್ಲಿ, ತಮ್ಮ ಮೇಜಿನ ಮೇಲೆ. ಬೇರೆಯವರ ಎಣಿಕೆ ಅವರಿಗೆ ಒಗ್ಗದು. "ರುದ್ರಪ್ಪ, ಸತ್ತದ್ದು ಎಷ್ಟು, ಬದುಕಿದ್ದು ಎಷ್ಟು. ನಡುವೆ ಯಾವುದೂ ಇಲ್ಲ" ಎನ್ನುವುದು ಅವರ ಮಾತು.

ಹಾಗಾಗಿ ಮರುದಿನ ಬೆಳಗ್ಗೆ ಸೊಳ್ಳೆಗಳಿಗೂ ನನಗೂ ಬಸ್ ಪ್ರಯಾಣ. ಬೇಸಗೆಯಲ್ಲಿ ಆ ಬಸ್ಸು ಬಾಣಲೆ. ಒದ್ದೆ ಬಟ್ಟೆ ಸುತ್ತಿದರೂ ಕೊಳವೆಯಲ್ಲಿ ಕೆಲವು ಸಾಯುತ್ತಿದ್ದವು. ಇವು ಔಷಧಿಗೆ ಸತ್ತವೋ, ಬಿಸಿಗೆ ಸತ್ತವೋ ಎಂದು ಶಾಮರಾಯರು ಕೇಳುತ್ತಿದ್ದರು, ಪರೀಕ್ಷೆ ರದ್ದು ಎಂದು ಬರೆಯುತ್ತಿದ್ದರು. ಮತ್ತೆ ಕೊಟ್ಟಿಗೆ, ಮತ್ತೆ ಕರು.

ಮೂರು ಸಲ ರದ್ದಾದ ಮೇಲೆ ನನ್ನ ಮಂಡಿ ಬುದ್ಧಿ ಕೆಲಸ ಮಾಡಿತು. ಕಚೇರಿಯಲ್ಲಿ ಅಗಲ ಬಾಯಿಯ ಒಂದು ದೊಡ್ಡ ಥರ್ಮಾಸು ಸುಮ್ಮನೆ ಬಿದ್ದಿತ್ತು. ಭದ್ರಾವತಿ ಬಸ್ ನಿಲ್ದಾಣದ ಸೋಡಾ ಅಂಗಡಿಯವನ ಜೊತೆ ಮಾತಾಡಿದೆ. ಅವನ ಹಿತ್ತಲ ಚರಂಡಿಗೆ ವಾರಕ್ಕೊಮ್ಮೆ ಸೀಮೆಎಣ್ಣೆ ಬಿಟ್ಟು ಸೊಳ್ಳೆ ಮರಿ ಕೊಲ್ಲುವುದು ನನ್ನ ಪಾಲು, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟ ಐಸಿನಿಂದ ಒಂದು ತುಂಡು ತೆಗೆದುಕೊಡುವುದು ಅವನ ಪಾಲು. ಥರ್ಮಾಸಿಗೆ ನಾಲ್ಕೇ ಕೊಳವೆ ಹಿಡಿಯುತ್ತಿದ್ದವು. ಯಾವ ನಾಲ್ಕು? ಔಷಧಿ ಕಂಡ ನಾಲ್ಕು. ನನ್ನ ಲೆಕ್ಕ ಸರಿಯಾಗೇ ಕಾಣುತ್ತಿತ್ತು. ಐಸಿನಲ್ಲಿಟ್ಟ ಮೇಲೆ ಅವು ಬಿಸಿಗೆ ಸತ್ತವು ಎನ್ನುವ ಮಾತೇ ಬರುವುದಿಲ್ಲ, ಸತ್ತರೆ ಔಷಧಿಗೇ ಸತ್ತ ಹಾಗೆ. ಎಣಿಸುವುದು ನನ್ನ ಕೆಲಸವಲ್ಲವಲ್ಲ, ಒಳಗೆ ಎಷ್ಟು ಹಾರುತ್ತಿವೆ ಎಂದು ನೋಡದೆ ಬೆಳಗಿನ ಕತ್ತಲಲ್ಲೇ ಥರ್ಮಾಸಿಗೆ ಇಳಿಸಿದೆ. ಉಳಿದ ಎರಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಿಟಕಿ ಪಕ್ಕ ಕೂತು, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸುತ್ತ ಹೋದೆ.

ಅವತ್ತು ಶಾಮರಾಯರು ಮೊದಲ ಸಲ ನನಗೆ ಕುರ್ಚಿ ತೋರಿಸಿದರು. ಐಸಿನಿಂದ ತೆಗೆದ ನಾಲ್ಕೂ ಕೊಳವೆಗಳನ್ನು ಬಿಳಿ ಪಿಂಗಾಣಿ ತಟ್ಟೆಗೆ ತಟ್ಟಿದರು. ಒಂದೂ ಅಲುಗಲಿಲ್ಲ. ಕಡ್ಡಿಯಲ್ಲಿ ಸರಿಸಿ ಸರಿಸಿ ಎಣಿಸಿ, ಎಣಿಸಿದ್ದನ್ನು ಆಗಲೇ ಸ್ಪಿರಿಟ್ ಬಾಟಲಿಗೆ ಸುರಿದು ಮುಚ್ಚಳ ಹಾಕಿದರು. ಮೇಜು ಶುಚಿಯಾಗಿರಬೇಕು, ಅದೂ ಅವರ ನಿಯಮ. ಬಟ್ಟೆಯಲ್ಲಿದ್ದ ಎರಡು ಕೊಳವೆಗಳಲ್ಲಿ ಸೊಳ್ಳೆಗಳು ಚೆನ್ನಾಗಿ ಹಾರುತ್ತಿದ್ದವು. ಪುಸ್ತಕದಲ್ಲಿ ಇರುವಂಥ ಫಲಿತಾಂಶ. "ನಿಮ್ಮ ಥರ್ಮಾಸ್ ಪದ್ಧತಿ ಚೆನ್ನಾಗಿದೆ, ರುದ್ರಪ್ಪ" ಅಂದರು. ಆಮೇಲೆ ಮಾಡಿದ ಎಲ್ಲ ಪರೀಕ್ಷೆಗಳೂ ಹಾಗೇ ಬಂದವು. ವರದಿ ಮೇಲಕ್ಕೆ ಹೋಯಿತು. ನಾನು ಬೀಗಿದೆ. ಬೆಲ್ಲದ ಅಚ್ಚನ್ನು ಒಡೆದು ನೋಡಲಿಲ್ಲ.

ಆದರೆ ಜ್ವರ ಇಳಿಯಲಿಲ್ಲ. ಭದ್ರಾವತಿಯ ನ್ಯೂ ಟೌನ್ ದಾಟಿದರೆ ನಾಲೆಯ ಪಕ್ಕ ಒಬ್ಬ ಕಂಟ್ರಾಕ್ಟರರ ಕೂಲಿ ಲೈನು ಇತ್ತು. ಸಾಲಾಗಿ ಮಣ್ಣಿನ ಮನೆಗಳು, ಮುಕ್ಕಾಲು ಜನ ಗಾಡಿಗೆ ಮಾಲು ತುಂಬುವವರು, ಕನ್ನಡ ತಮಿಳು ತೆಲುಗು ಮೂರೂ ಒಂದೇ ನಲ್ಲಿಯ ಹತ್ತಿರ ಜಗಳ ಆಡುವ ಜಾಗ. ಅಲ್ಲಿ ಆ ವರ್ಷ ಮನೆಗೊಬ್ಬರು ನಡುಗುತ್ತ ಮಲಗಿದ್ದರು. ಔಷಧಿ ಕೆಲಸ ಮಾಡುತ್ತಿದೆ ಎಂದು ನಮ್ಮ ವರದಿ ಹೇಳುತ್ತಿದೆ, ಹಾಗಾದರೆ ತಪ್ಪು ಯಾರದು? ಗೋಡೆ ಸಾರಿಸಿದವರದು. ಡಿಡಿಟಿ ಹೊಡೆದ ಗೋಡೆಯ ಮೇಲೆ ಸಗಣಿಯೋ ಕೆಮ್ಮಣ್ಣೋ ಬಳಿದರೆ ಪುಡಿ ಅದರ ಕೆಳಗೆ ಮುಚ್ಚಿಹೋಗುತ್ತದೆ, ಅದು ನಿಜವೇ. ಹಾಗೆ ಬಳಿದ ಮನೆಗಳ ಪಟ್ಟಿ ಮಾಡಲು ಶಾಮರಾಯರು ನನಗೆ ಹೇಳಿದರು. ಪಟ್ಟಿ ಕಂಟ್ರಾಕ್ಟರರಿಗೆ ಹೋಗುತ್ತದೆ, ಅವರು ಅಂಥವರಿಂದ ಮನೆ ಖಾಲಿ ಮಾಡಿಸುತ್ತಾರೆ ಎಂಬ ಮಾತಾಗಿತ್ತು.

ಪಟ್ಟಿಯ ಮೊದಲ ಹೆಸರು ಸಿದ್ದಮ್ಮನದು. ಗಂಡ ಲಾರಿಗೆ ಮಾಲು ತುಂಬುವವನು. ಮಗಳು ರತ್ನಿ, ಮೂರನೆಯ ಕ್ಲಾಸು, ಜ್ವರದಿಂದಾಗಿ ಎರಡು ತಿಂಗಳಿಂದ ಶಾಲೆಯ ಮುಖ ನೋಡಿರಲಿಲ್ಲ. ನಾನು ಹೋದಾಗ ಹೊಸ್ತಿಲು, ಹೊರಗಿನ ಜಗಲಿ ಎರಡೂ ಹಸಿ ಕೆಮ್ಮಣ್ಣು. ಒಳಗೆ ಮಗು ಮಲಗಿತ್ತು, ಒಲೆಯ ಹೊಗೆಗೆ ಗೋಡೆ ಕಪ್ಪಾಗಿತ್ತು. ಬಾಗಿಲಲ್ಲೇ ನಿಂತು ಬರೆದುಕೊಂಡೆ.

ಸಿದ್ದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೊರ್ಗಡೆ ಬಳ್ದಿದೀನಿ, ಒಳ್ಗಡೆ ಗ್ವಾಡೆ ಮುಟ್ಟಿಲ್ಲ. ಬಂದು ನೋಡ್ರೀ ಮೇಷ್ಟ್ರೇ. ನಿಮ್ ಪೌಡ್ರು ತಿಂದು ಸೊಳ್ಳೆ ದಪ್ಪ ಆಗಿದಾವೆ. ಮೊದ್ಲೊರ್ಸ ತಿಗಣೆ ಸತ್ವು, ಈಗ ಅವೂ ಸಾಯಲ್ಲ. ಅದ್ಯಾಕೆ ಅಂತ ಬರ್ಕೊಳ್ಳಿ."

ನಾನು ನಕ್ಕೆ. ನನ್ನ ಪುಸ್ತಕದಲ್ಲಿ ಎಲ್ಲ ಸತ್ತಿವೆ ತಾಯಿ ಅಂದೆ.

"ನಿಮ್ ಪುಸ್ತಕದಾಗೆ ಸತ್ತಿರೋವು ನನ್ ಮಗ್ಳಿಗೆ ಕಚ್ತಾ ಇದಾವೆ."

ಬರೆದ ಹೆಸರನ್ನು ಹಾಗೇ ಬಿಟ್ಟು ಮುಂದಿನ ಮನೆಗೆ ಹೋದೆ.

ಅದಾಗಿ ಹತ್ತು ದಿನವೂ ಕಳೆದಿರಲಿಲ್ಲ. ಎಂದಿನಂತೆ ಥರ್ಮಾಸು ಹಿಡಿದು ಶಿವಮೊಗ್ಗದ ಕಚೇರಿಗೆ ಹೋದರೆ ಶಾಮರಾಯರು ಯಾವುದೋ ಸಭೆಯಲ್ಲಿದ್ದರು. ಐಸೆಲ್ಲ ಕರಗಿತ್ತು. ಕೊಳವೆಗಳಿಗೆ ನೀರು ನುಗ್ಗೀತು ಎಂದು ನಾಲ್ಕನ್ನೂ ತೆಗೆದು ಒರೆಸಿ ಮೇಜಿನ ಮೇಲಿಟ್ಟೆ. ಎಲ್ಲ ಸತ್ತು ಬಿದ್ದಿದ್ದವು. ಎದುರಿನ ಹೋಟೆಲಿಗೆ ಹೋಗಿ ಒಂದು ಕಾಫಿ ಕುಡಿದು ಬಂದೆ. ಬಂದು ನೋಡಿದರೆ ಕೊಳವೆಯ ಗೋಡೆಯ ಮೇಲೆ ಸೊಳ್ಳೆಗಳು ಕೂತಿವೆ. ಬಾಲ ಮೇಲೆತ್ತಿಕೊಂಡು, ಓರೆಯಾಗಿ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕೂರುವ ಗತ್ತಿನಲ್ಲಿ. ಒಂದೆರಡು ಕೆಳಗೆ ಬೆನ್ನ ಮೇಲೆ ಬಿದ್ದು ಕಾಲಾಡಿಸುತ್ತಿದ್ದವು. ನಾನು ನೋಡುತ್ತಿದ್ದಂತೆ ಅವೂ ಮಗುಚಿ ಎದ್ದವು.

ಕೊಳವೆ ಅದಲುಬದಲಾಯಿತೇ ಎಂದು ಗುರುತಿನ ಚೀಟಿ ನೋಡಿದೆ. ಆಗಿರಲಿಲ್ಲ. ಔಷಧಿ ಕಂಡ ಸೊಳ್ಳೆಗಳೇ.

ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಕೊಳವೆಗಳನ್ನು ಚೀಲಕ್ಕೆ ಹಾಕಿಕೊಂಡು ನೇರ ಐಸ್ ಫ್ಯಾಕ್ಟರಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಕರೀಂ ಸಾಬರು ನನ್ನ ಮಂಡಿ ಕಾಲದ ಪರಿಚಯ. ಕಂಬಳಿ ಕೋಟು ಹಾಕಿಕೊಂಡು ಐಸ್ ಕೋಣೆಯಲ್ಲಿ ಜೀವನ ಕಳೆದವರು. ಹುಳ ಐಸಿಗೆ ಬಿದ್ದು ಸತ್ತರೆ ಮತ್ತೆ ಏಳುತ್ತದೆಯೇ ಸಾಬರೇ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಆಫೀಸಿನಲ್ಲಿ ಓದಿದವರು ಎಷ್ಟು ಜನ ಇದ್ದೀರಿ ಎಂದು ಕೇಳಿದರು. ಐಸ್ ಕೋಣೆಯ ಮೂಲೆಯಿಂದ ಕಸಬರಿಕೆಯಲ್ಲಿ ಗುಡಿಸಿ ತಂದ ಹುಳುಗಳನ್ನು ಬಾಗಿಲ ಹೊರಗೆ ಹಲಗೆಯ ಮೇಲೆ ಹಾಕಿದರು. ಎರಡು ಜಿರಲೆ, ನಾಲ್ಕೈದು ನೊಣ, ಒಂದು ಪತಂಗ. ನಾವು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಜಿರಲೆ ಮೀಸೆ ಆಡಿಸಿತು, ನೊಣ ಹಾರಿಹೋಯಿತು.

"ಥಂಡೀಗೆ ಬಿದ್ದಿದ್ದು ಬೇರೆ, ಗಟ್ಟಿ ಜಮ್ಕೊಂಡಿದ್ದು ಬೇರೆ, ಭಯ್ಯಾ" ಅಂದರು ಸಾಬರು. "ಇದು ಮಲಗಿತ್ತು. ಐಸ್ ಒಳಗೇ ಸಿಕ್ಕೊಂಡು ಗಟ್ಟಿ ಆಗಿರ್ತದಲ್ಲ, ಅದು ಖತಮ್. ಮೂವತ್ತು ವರ್ಷದಲ್ಲಿ ಅಂಥದ್ದು ಒಂದೂ ಎದ್ದಿಲ್ಲ."

ಕೇಳಿದ್ದನ್ನು ನಂಬಿಬಿಡುವವನಲ್ಲ ನಾನು, ಈ ಸಲ ಅಚ್ಚು ಒಡೆಯಬೇಕಿತ್ತು. ಮರುವಾರ ಔಷಧಿಯ ವಾಸನೆಯೂ ಕಾಣದ ಸೊಳ್ಳೆಗಳನ್ನು ಹಿಡಿದು ಸಾಬರ ಹತ್ತಿರ ತಂದೆ. ಅರ್ಧವನ್ನು ಬರಿಯ ಐಸಿನಲ್ಲಿಟ್ಟೆ. ಉಳಿದರ್ಧವನ್ನು ಐಸಿಗೆ ಕಲ್ಲುಪ್ಪು ಬೆರೆಸಿದ ಬಕೆಟ್ಟಿನಲ್ಲಿ ಹೂತೆ, ಬಕೆಟ್ಟಿನ ಹೊರಮೈಗೂ ಹಿಮದ ಪದರ ಕಟ್ಟುವಷ್ಟು ಚಳಿ ಅದರಲ್ಲಿ. ಸಂಜೆಯವರೆಗೆ ಬಿಟ್ಟು ಎರಡನ್ನೂ ಹೊರಗೆ ನೆರಳಿನಲ್ಲಿಟ್ಟೆವು. ಬರಿಯ ಐಸಿನವು ಹೆಚ್ಚುಕಡಿಮೆ ಎಲ್ಲ ಎದ್ದವು. ಉಪ್ಪಿನ ಬಕೆಟ್ಟಿನವು ಏಳಲಿಲ್ಲ, ರಾತ್ರಿಯೆಲ್ಲ ಬಿಟ್ಟರೂ ಏಳಲಿಲ್ಲ. ಮೂರು ವಾರ ಇದನ್ನೇ ಮಾಡಿದೆ. ಬಹಳ ವರ್ಷಗಳ ಮೇಲೆ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟರೊಬ್ಬರು ಹೇಳಿದರು, ಹಿಮ ಬೀಳುವ ದೇಶಗಳಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿಯೂ ವಸಂತದಲ್ಲಿ ಎದ್ದು ನಡೆಯುವ ಹುಳುಗಳಿವೆಯಂತೆ, ಅವುಗಳ ಮೈಯೊಳಗೇ ಅದಕ್ಕೆ ಬೇಕಾದ ರಸ ಇರುತ್ತದಂತೆ. ಇರಬಹುದು. ನಮ್ಮ ಭದ್ರಾವತಿಯ ಸೊಳ್ಳೆಗೆ ಆ ವಿದ್ಯೆ ಇಲ್ಲ. ಆದರೆ ಸತ್ತ ಹಾಗೆ ಮಲಗುವ ವಿದ್ಯೆ ಚೆನ್ನಾಗಿದೆ. ಅಷ್ಟರಲ್ಲೇ ಅದು ನಮ್ಮ ಕಚೇರಿಯನ್ನು ಒಂದು ವರ್ಷ ಏಮಾರಿಸಿತ್ತು.

ಇನ್ನು ಹೇಳಬೇಕಾದದ್ದು ಶಾಮರಾಯರಿಗೆ. ಅವರ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿಸಿಕೊಂಡರು. ವರದಿ ಮೇಲಕ್ಕೆ ಹೋಗಿದೆ ಅಂದರು. ಹೋಗಿದೆ ಸಾರ್, ಆದರೆ ತಪ್ಪು ಹೋಗಿದೆ ಅಂದೆ. ಥರ್ಮಾಸು ತಂದವರು ಯಾರು ಎಂದು ಕೇಳಿದರು. ನಾನೇ ಅಂದೆ. ಹಾಗಾದರೆ ಈ ಮಾತು ಇಲ್ಲಿಗೆ ಬಿಟ್ಟರೆ ನಿಮಗೇ ಒಳ್ಳೆಯದು, ನಾಳೆಯಿಂದ ಐಸು ಬೇಡ, ಮುಂದಿನ ಪರೀಕ್ಷೆ ನೋಡೋಣ ಅಂದರು. ನನ್ನನ್ನು ಉಳಿಸಲು ಹಾಗೆ ಹೇಳಿದರು ಎಂದೇ ಈಗಲೂ ನಂಬಿದ್ದೇನೆ. ಆದರೆ ಮೇಜಿನ ಇನ್ನೊಂದು ತುದಿಯಲ್ಲಿ ಗೋಡೆ ಸಾರಿಸಿದವರ ಪಟ್ಟಿ ಇತ್ತು, ಅಂದೇ ಕಂಟ್ರಾಕ್ಟರರಿಗೆ ಹೋಗಲು ಸಿದ್ಧವಾಗಿ. ಎಲ್ಲಕ್ಕಿಂತ ಮೇಲೆ ಸಿದ್ದಮ್ಮನ ಹೆಸರು, ನನ್ನ ಅಕ್ಷರದಲ್ಲಿ.

ಪಟ್ಟಿ ತಡೆಯಿರಿ ಸಾರ್ ಅಂದೆ. ವರದಿ ಇರುವವರೆಗೆ ಪಟ್ಟಿ ಇರುತ್ತದೆ, ಒಂದಕ್ಕೊಂದು ಅಂಟಿಕೊಂಡಿದೆ ಅಂದರು. ಸರಿಯಾದ ಮಾತೇ. ಅವರ ಮಾತಿನಲ್ಲಿ ಯಾವಾಗಲೂ ಒಂದು ಸರಿ ಇರುತ್ತಿತ್ತು.

ಆಗ ನಾನು ವಾದ ನಿಲ್ಲಿಸಿ ವ್ಯಾಪಾರಕ್ಕೆ ಇಳಿದೆ. ಅವತ್ತಿನ ಕೊಳವೆಗಳು ಥರ್ಮಾಸಿನಲ್ಲೇ ಇದ್ದವು.

"ಎಣಿಸಿ ಸಾರ್, ಆದ್ರೆ ಸ್ಪಿರಿಟ್‌ಗೆ ಹಾಕೋ ಮೊದ್ಲು ಹತ್ತು ನಿಮಿಷ ಕೊಡಿ."

"ಹತ್ತು ನಿಮಿಷ ಕಾಯಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ, ರುದ್ರಪ್ಪ."

"ಐಸಲ್ಲಿ ತರ್ಬೇಕು ಅಂತಾನೂ ಇಲ್ಲ ಸಾರ್."

ಶಾಮರಾಯರು ಥರ್ಮಾಸಿನ ಮುಚ್ಚಳ ತೆಗೆದರು. ಕೊಳವೆಗಳನ್ನು ತಟ್ಟೆಗೆ ತಟ್ಟಲಿಲ್ಲ, ಹಾಗೇ ಮೇಜಿನ ಮೇಲೆ ನಿಲ್ಲಿಸಿ ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟರು. ನಾನು ನಿಂತೇ ಇದ್ದೆ. ಏಳೆಂಟು ನಿಮಿಷಕ್ಕೆ ಮೊದಲನೆಯದು ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸುವ ಅಗತ್ಯ ಬೀಳಲಿಲ್ಲ. ಶಾಮರಾಯರು ಕೊಳವೆ ಎತ್ತಿ ಬೆಳಕಿಗೆ ಹಿಡಿದು, ಅದರೊಳಗಿನ ಸೊಳ್ಳೆಗಳಿಗೇ ಹೇಳುವ ಹಾಗೆ ಮೆಲ್ಲಗೆ, ಇದನ್ನು ಬರೆದುಕೊಡುತ್ತೀರಾ ಎಂದು ಕೇಳಿದರು. ಬರೆದುಕೊಟ್ಟರೆ ನಿಮ್ಮ ಕಡತಕ್ಕೆ ಹೋಗುತ್ತದೆ, ಅದು ಹೋದ ಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಅಂದರು.

ನಾನು ಕಾಯಂ ಆಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಹೊಸ ಹೆಂಡತಿ. ಕಾಗದ ಕೇಳಿ ಪಡೆದು ಅಲ್ಲೇ ನಿಂತು ಬರೆದೆ. ಥರ್ಮಾಸು ನನ್ನ ಉಪಾಯ, ಮೇಲಧಿಕಾರಿಯ ಅನುಮತಿ ಕೇಳಿರಲಿಲ್ಲ, ಐಸಿನಲ್ಲಿ ಮರಗಟ್ಟಿದ ಸೊಳ್ಳೆಗಳನ್ನು ಸತ್ತವೆಂದು ಎಣಿಸಲಾಗಿದೆ, ಆ ಪರೀಕ್ಷೆಗಳನ್ನು ನಂಬಬಾರದು, ಗೋಡೆ ಸಾರಿಸಿದವರ ಪಟ್ಟಿಯನ್ನೂ ಒಳಹೊಕ್ಕು ನೋಡದೆ ಮಾಡಿದ್ದೇನೆ. ಕೆಳಗೆ ಸಹಿ. ಗೆಳೆಯರು ಆಮೇಲೆ ಬೈದರು, ಯಾರೋ ಕೂಲಿ ಹೆಂಗಸಿನ ಗೋಡೆಗಾಗಿ ಅನ್ನ ಕಳೆದುಕೊಳ್ಳುತ್ತೀಯಾ ಮಾರಾಯ ಅಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ತಪ್ಪು ನಿಮ್ಮ ಹತ್ತಿರವೇ ಇದ್ದರೆ ಅದು ನಿಮ್ಮ ಸೊತ್ತು. ಅದನ್ನು ಬಡವರ ಗೋಡೆಗೆ ಬಳಿದರೆ ಕಳ್ಳತನ.

ಪಟ್ಟಿ ನಿಂತಿತು. ಮುಂದಿನ ಪರೀಕ್ಷೆಗೆ ಶಾಮರಾಯರು ತಾವೇ ಭದ್ರಾವತಿಗೆ ಬಂದರು. ಐಸಿಲ್ಲ, ಬಸ್ಸಿಲ್ಲ, ಎಣಿಕೆಯೂ ಅಲ್ಲೇ. ಬೆಳಗಿನ ಹೊತ್ತು ಸಿದ್ದಮ್ಮನ ಮನೆಯ ಒಳಗೆ ಟಾರ್ಚು ಬಿಟ್ಟೆವು. ಹೊಗೆ ಹಿಡಿದ ಗೋಡೆಯ ಮೇಲೆ ಡಿಡಿಟಿಯ ಬಿಳಿ ಮಚ್ಚೆಗಳು ಹಾಗೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಆ ಬಿಳಿ ಮಚ್ಚೆಗಳ ಮೇಲೆಯೇ ಸೊಳ್ಳೆಗಳು ಆರಾಮವಾಗಿ ಕೂತಿದ್ದವು. ಶಾಮರಾಯರು ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು ಹತ್ತಿರದಿಂದ ನೋಡಿದರು. ಮರುದಿನದ ಎಣಿಕೆಯಲ್ಲಿ ಔಷಧಿ ಕಂಡವುಗಳಲ್ಲಿ ಸತ್ತವಕ್ಕಿಂತ ಬದುಕಿದವೇ ಜಾಸ್ತಿ. ಆ ವರದಿಯನ್ನು ಅವರು ತಾವೇ ಬರೆದರು, ಹಳೆಯದು ತಪ್ಪು ಎಂಬ ಸಾಲನ್ನೂ ಸೇರಿಸಿದರು. ಅಷ್ಟು ದೊಡ್ಡತನ ಅವರಿಗಿತ್ತು. ಮಲಗಿದ್ದವರನ್ನೆಲ್ಲ ಆಸ್ಪತ್ರೆಯವರು ಬಂದು ನೋಡಿ ಮಾತ್ರೆ ಕೊಟ್ಟು ಹೋದರು. ಮಳೆಗಾಲಕ್ಕೆ ಮೊದಲು ಬೇರೆ ಔಷಧಿ ಮಂಜೂರಾಗಿ ಬಂತು.

ಹೊಡೆಯುವ ದಿನ ಸಿದ್ದಮ್ಮ ಬಾಗಿಲಿಗೆ ಅಡ್ಡವಾಗಿ ತುಂಬಿದ ಕೊಡ ಇಟ್ಟು ಕೂತಿದ್ದಳು. ಪಂಪಿನವರು ಹೊರಗೆ ನಿಂತಿದ್ದರು. ನನ್ನನ್ನು ಕರೆದರು, ಮಾತು ಕುದುರಿಸುವುದು ನನ್ನ ಕೆಲಸ ತಾನೇ. ನಾನು ಕರು ಹಿಡಿಯುವ ಮಾತಿನಿಂದ ಶುರು ಮಾಡಬೇಕೆಂದಿದ್ದೆ, ಅವಳ ಹತ್ತಿರ ಕರು ಇರಲಿಲ್ಲ. ಹೊಸ ಔಷಧಿ, ಇದು ಕೆಲಸ ಮಾಡುತ್ತದೆ ಅಂದೆ. ಮಗುವಿಗಾಗಿಯಾದರೂ ಬಿಡು ತಾಯಿ ಅಂದೆ.

"ಬಿಡ್ತೀನಿ. ನಾನು ಗ್ವಾಡೆ ಬಳ್ದೆ ಅಂತ ನಿಮ್ ಆಫೀಸ್ನೋರು ಲೈನ್ ತುಂಬ ಹೇಳಿದ್ರಲ್ಲ, ಬಳ್ದಿಲ್ಲ ಅಂತಾನೂ ಹೇಳ್ಲಿ. ಆಮೇಲೆ ಹೊಡೀರಿ."

ತಪ್ಪು ನನ್ನದು, ಬಾಗಿಲಲ್ಲಿ ನಿಂತು ಬರೆದವನು ನಾನು ಎಂದು ಅಲ್ಲೇ ಎಲ್ಲರ ಎದುರು ಹೇಳಿದೆ. ಅವಳು ಕೊಡ ಕದಲಿಸಲಿಲ್ಲ.

"ನೀವು ಹೇಳಿದ್ದು ಆಯ್ತು ಮೇಷ್ಟ್ರೇ. ಅವ್ರು ಹೇಳ್ಲಿ."

ಅವಳು ಗದ್ದ ಎತ್ತಿ ತೋರಿಸಿದ್ದು ಜೀಪಿನ ಹತ್ತಿರ ಕೊಡೆ ಹಿಡಿದು ನಿಂತಿದ್ದ ಶಾಮರಾಯರ ಕಡೆಗೆ. ಜೀವಮಾನದಲ್ಲಿ ನಾನು ಕುದುರಿಸಲಾಗದ ವ್ಯಾಪಾರ ಅದೊಂದೇ. ಕೊಡಲು ಅವಳಿಗೆ ಬೇಕಾದದ್ದು ಯಾವುದೂ ನನ್ನ ಕೈಯಲ್ಲಿರಲಿಲ್ಲ. ನಾನು ಹೋಗಿ ಶಾಮರಾಯರಿಗೆ ಹೇಳಿದೆ. ಅವರು ಕೊಡೆ ಮಡಚಿ, ನಲ್ಲಿಯ ಕೆಸರು ದಾಟಿ, ಆ ಬಾಗಿಲಿಗೆ ಬಂದರು. ನೆಲ ನೋಡಿಕೊಂಡು, ಈ ಮನೆಯವರು ಗೋಡೆ ಸಾರಿಸಿರಲಿಲ್ಲ, ನಮ್ಮ ಕಡೆಯಿಂದ ತಪ್ಪಾಗಿತ್ತು ಅಂದರು.

"ಕೇಳಿಸ್ಲಿಲ್ಲ ಸ್ವಾಮಿ" ಅಂದಳು ಸಿದ್ದಮ್ಮ.

ನಲ್ಲಿಯ ಹತ್ತಿರದ ಜಗಳ ನಿಂತಿತ್ತು. ಶಾಮರಾಯರು ತಲೆ ಎತ್ತಿ, ಸಾಲಿನ ಕೊನೆಯ ಮನೆಗೂ ಕೇಳುವ ಹಾಗೆ, ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಸಿದ್ದಮ್ಮ ಎದ್ದು ಕೊಡವನ್ನು ಸೊಂಟಕ್ಕೆತ್ತಿಕೊಂಡಳು. ಪಂಪಿನವರು ಒಳಗೆ ಹೋದರು. ಶಾಲೆ ಶುರುವಾದಾಗ ರತ್ನಿ ಸ್ಲೇಟು ಹಿಡಿದು ಹೋಗುವುದನ್ನು ನಾಲೆಯ ಏರಿಯ ಮೇಲಿಂದ ನಾನೇ ಕಂಡೆ.

ಛೀಮಾರಿ ಬಂದದ್ದು ಅದಾದ ಮೇಲೆ, ಬೆಂಗಳೂರಿನಿಂದ. ಪರೀಕ್ಷೆಯ ಸೊಳ್ಳೆಗಳನ್ನು ಅನುಮತಿಯಿಲ್ಲದೆ ಮಂಜುಗಡ್ಡೆಯಲ್ಲಿ ಸಾಗಿಸಿ, ಜೀವಂತ ಸೊಳ್ಳೆಗಳು ಸತ್ತವೆಂದು ಎಣಿಕೆಯಾಗಲು ಕಾರಣನಾಗಿದ್ದಾನೆ ಎಂದು ಅದರಲ್ಲಿ ಬರೆದಿದೆ. ಗುಮಾಸ್ತರು ಅದನ್ನು ಕಿತ್ತು ಹಾಕುತ್ತೇನೆ ಅಂದಾಗ ಇನ್ನೊಮ್ಮೆ ತರಿಸಿ ಓದಿದೆ. ಒಂದು ಅಕ್ಷರವೂ ಸುಳ್ಳಿಲ್ಲ. ನಮ್ಮ ಕಚೇರಿಯ ಕಡತಗಳಲ್ಲಿ ಅಂಥ ಕಾಗದ ಎಷ್ಟಿದ್ದಾವು? ಇರುವುದೊಂದನ್ನು ನಾನೇ ಯಾಕೆ ಕೀಳಿಸಲಿ?